ಹಣ್ಣಿನ ರಸ ಹೀರುವ ಪತಂಗ ಮತ್ತು ಅದರ ನೆಲೆ

ಕೆಲವು ಪತಂಗಗಳ ಮುಂದಿನ ರೆಕ್ಕೆಗಳು ತರಗೆಲೆಯಂತೆ ಅಥವಾ ತೊಗಟೆಯಂತೆ ಮಾಸಲಾಗಿದ್ದು, ಅವುಗಳ ಕೆಳಗೆ ಉಜ್ವಲ ವರ್ಣದ ಹಿಂದಿನ ರೆಕ್ಕೆಗಳು ಅಡಗಿರುತ್ತವೆ. ಹಕ್ಕಿ ಸಮೀಪಿಸಿದಾಗ ಪತಂಗವು ಥಟ್ಟನೆ ಅವನ್ನು ಬಿಚ್ಚುತ್ತದೆ. ಹಕ್ಕಿ ಬೆದರಿದ ಅರೆಕ್ಷಣದಲ್ಲಿ ಪಾರಾಗುತ್ತದೆ. ಈ ಲಕ್ಷಣಕ್ಕೆ ಪ್ರಸಿದ್ಧವಾದ ಕ್ಯಾಟೊಕಲ ಕುಲದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಕೆಳಗೆ ಸುಂದರ’ ಎಂದೇ ಅರ್ಥ. ಅದರ ಮರಿಹುಳುಗಳು ಓಕ್, ವಿಲ್ಲೋ, ಪಾಪ್ಲರ್ ಮುಂತಾದ ಮರಗಳ ಎಲೆ ತಿನ್ನುವುದರಿಂದ, ಭಾರತದಲ್ಲಿ ಈ ಕುಲವು ಬಹುಮಟ್ಟಿಗೆ ಹಿಮಾಲಯದಲ್ಲಿಯೇ ಕಂಡುಬರುತ್ತದೆ.

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ನೆಲೆಸಿರುವ ಕನ್ನಡಿಗರು ಇಂತಹ ಸೊಬಗನ್ನು ನೋಡಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಠಾಣೆ ಖಾಡಿಗೂ ಪಾರಸಿಕ್ ಬೆಟ್ಟಕ್ಕೂ ನಡುವಿನ ಈ ಪ್ರದೇಶವು ಯೂಡೋಸಿಮಾ ಫಲೋನಿಯಾ ಎಂಬ ಪತಂಗದ ಸಹಜ ನೆಲೆಯೊಳಗೆ ಸೇರಿದೆ. 1763ರಲ್ಲಿ ಲಿನೇಯಸ್ ಹೆಸರಿಸಿದ ಇದರ ರೆಕ್ಕೆಗಳ ಹರವು ಸುಮಾರು 8ರಿಂದ 10 ಸೆಂಟಿಮೀಟರ್. ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆಯ ಮೇಲೆ ಅಲ್ಪವಿರಾಮ ಚಿಹ್ನೆಯಂತಹ ಕಪ್ಪು ಮಚ್ಚೆಯಿರುತ್ತದೆ. ಆಫ್ರಿಕದಿಂದ ಆಸ್ಟ್ರೇಲಿಯ ಹಾಗೂ ಶಾಂತಸಾಗರದ ದ್ವೀಪಗಳವರೆಗೆ ಇದು ಹರಡಿದೆ.

ಇಷ್ಟು ವಿಶಾಲವಾದ ಹರವಿಗೆ ಮುಖ್ಯ ಆಧಾರ ಮರಿಹುಳುವಿನ ಆಹಾರವೇ. ನಮ್ಮಲ್ಲಿ ಅದು ಅಮೃತಬಳ್ಳಿ, ದಾಗಡಿ ಬಳ್ಳಿ ಮೊದಲಾದ ಒಂದೇ ಕುಟುಂಬದ ಬಳ್ಳಿಗಳ ಎಲೆಗಳನ್ನು ತಿನ್ನುತ್ತದೆ. ಮರಾಠಿಯಲ್ಲಿ ಗುಳವೇಲ ಎನಿಸಿಕೊಳ್ಳುವ ಅಮೃತಬಳ್ಳಿಯು ಬೇಲಿಗಳ ಮೇಲೂ ಮರಗಳ ಮೇಲೂ ತಾನಾಗಿ ಹಬ್ಬುತ್ತದೆ. 2020ರ ಕೋವಿಡ್ ಕಾಲದಲ್ಲಿ ಅದರ ಕಷಾಯಕ್ಕೆ ಬೇಡಿಕೆ ಹೆಚ್ಚಿದುದನ್ನು ಓದುಗರು ಬಲ್ಲರು. ಮರಿಹುಳುವಿನ ಮೈಮೇಲೆ ಕಣ್ಣುಗಳಂತಹ ಮಚ್ಚೆಗಳಿದ್ದು, ಮೊದಲ ನೋಟಕ್ಕೆ ಹೆದರಿಸುವಂತಿದ್ದರೂ ಅದು ಮನುಷ್ಯರಿಗೆ ಏನನ್ನೂ ಮಾಡದು.

ಹಾನಿ ಮಾಡುವುದು ಬೆಳೆದ ಪತಂಗ. ಬಹುತೇಕ ಪತಂಗಗಳ ಹೀರುನಳಿಕೆಯು ಮೃದುವಾದುದು. ಇದರದಾದರೋ ಗಟ್ಟಿಯಾಗಿದ್ದು, ತುದಿಯಲ್ಲಿ ಮುಳ್ಳುಗಳಿರುತ್ತವೆ. ರಾತ್ರಿ ವೇಳೆ ದಾಳಿಂಬೆ, ಕಿತ್ತಳೆ, ಮೋಸಂಬಿ, ಸೀಬೆ ಹಣ್ಣುಗಳ ಸಿಪ್ಪೆಯನ್ನು ಚುಚ್ಚಿ ರಸ ಹೀರುತ್ತದೆ. ಆ ಸಣ್ಣ ರಂಧ್ರದ ಮೂಲಕ ಶಿಲೀಂಧ್ರಗಳು ಒಳಹೊಕ್ಕು ಹಣ್ಣು ಕೊಳೆತು ಉದುರುತ್ತದೆ. ಪೇಟೆಗೆ ಹೊರಡಬೇಕಾದ ಫಸಲು ಹೀಗೆ ಕೊನೆಯ ಹಂತದಲ್ಲಿ ಕೈತಪ್ಪುವುದು ರೈತನಿಗೆ ದೊಡ್ಡ ನಷ್ಟ.

ಮರಿಹುಳುವು ತೋಟದ ಹಣ್ಣಿನ ಗಿಡಗಳಲ್ಲಿ ಇರುವುದೇ ಇಲ್ಲ. ಆದುದರಿಂದ ಅದನ್ನು ಕೊಲ್ಲಲೆಂದು ಆ ಗಿಡಗಳಿಗೆ ಔಷಧ ಸಿಂಪಡಿಸುವುದು ವ್ಯರ್ಥ. ತೋಟದ ಸುತ್ತಲಿನ ಬಳ್ಳಿಗಳನ್ನು ಕಿತ್ತುಹಾಕುವುದು ಒಂದು ಉಪಾಯವೇನೋ ಹೌದು. ಆದರೆ ದೂರದಿಂದ ಹಾರಿ ಬರಬಲ್ಲ ಪತಂಗಕ್ಕಾಗಿ ಊರಿನ ಔಷಧಿ ಬಳ್ಳಿಯನ್ನೆಲ್ಲ ನಾಶಮಾಡುವುದು ಉಚಿತವೆನಿಸದು. ಬಲಿಯುವ ಮೊದಲೇ ಹಣ್ಣುಗಳಿಗೆ ಚೀಲ ಕಟ್ಟುವುದು ಹೆಚ್ಚು ಭರವಸೆಯ ಕ್ರಮ. ಉದುರಿದ ಹಣ್ಣುಗಳ ವಾಸನೆ ಪತಂಗಗಳನ್ನು ಸೆಳೆಯುವುದರಿಂದ ಅವನ್ನು ದಿನವೂ ಆರಿಸಿ ಹೂಳಬೇಕು. ಚಿಕ್ಕ ತೋಟದವರು ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೊರಟರೆ, ಬೆಳಕಿಗೆ ಹೊಳೆಯುವ ಕಣ್ಣುಗಳಿಂದಲೇ ಪತಂಗಗಳನ್ನು ಗುರುತಿಸಿ ಕೈಬಲೆಯಲ್ಲಿ ಹಿಡಿಯಬಹುದು.