ಆಶ್ರಯ ಎಲ್ಲಿ? ಒಂದು ಅವಧಿಯ ಪಾಠ, ಮರುದಿನದ ತಿದ್ದುಪಡಿ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಭ್ಯಾಸ ಬೋಧನೆಯ ಮೂರನೇ ವಾರ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಹತ್ತನೇ ತರಗತಿಯ ಅವಧಿ ನನಗೆ ಬಂತು. ದೇಶಗಳ ನಡುವಣ ಸಂಬಂಧದ ಪಾಠಕ್ಕೆ ಎಡ್ವರ್ಡ್ ಸ್ನೋಡೆನ್ ಪ್ರಕರಣವನ್ನು ಆರಿಸಿಕೊಂಡೆ.

ಪೀಠಿಕೆ: ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಗುತ್ತಿಗೆ ಕಂಪನಿಯ ಮೂಲಕ ಕೆಲಸ ಮಾಡುತ್ತಿದ್ದ ಸ್ನೋಡೆನ್, ಸರ್ಕಾರ ಜನರ ಫೋನ್ ಮತ್ತು ಇಂಟರ್ನೆಟ್ ಮಾಹಿತಿಯನ್ನು ಸಾರಾಸಗಟಾಗಿ ಸಂಗ್ರಹಿಸುತ್ತಿದ್ದುದನ್ನು 2013ರಲ್ಲಿ ಪತ್ರಕರ್ತರಿಗೆ ತಿಳಿಸಿದರು. ಅಮೆರಿಕ ಅವರ ಮೇಲೆ ಬೇಹುಗಾರಿಕೆ ಕಾಯ್ದೆಯಡಿ ಆರೋಪ ಹೊರಿಸಿತು.

ನಾನು ಮಾಡಿದ ತಪ್ಪು: "ಅವರು ವೀರರೋ ದ್ರೋಹಿಯೋ?" ಎಂದು ಕೇಳಿ ಕೈ ಎತ್ತಿಸಿದೆ. ಹತ್ತು ನಿಮಿಷ ಬರೀ ಗಲಾಟೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಅವ್ರು ನಮ್ಮ ದೇಶಕ್ಕೇ ಬರಬಹುದಿತ್ತಲ್ಲ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನದ ಪರಿಕಲ್ಪನೆ: ಮೊದಲು ಪದ ಸ್ಪಷ್ಟಪಡಿಸಿದೆ. ಗಡೀಪಾರು ಎಂದರೆ ಹೊರಗೆ ಹಾಕುವುದು. ಹಸ್ತಾಂತರ ಎಂದರೆ ವಿಚಾರಣೆಗೆ ಕೇಳಿದ ದೇಶಕ್ಕೆ ಒಪ್ಪಿಸುವುದು. ಪತ್ರಿಕೆಗಳಲ್ಲಿ ಎರಡಕ್ಕೂ ಗಡೀಪಾರು ಎಂದೇ ಬರುವುದುಂಟು.

ಕಪ್ಪುಹಲಗೆ ಕೆಲಸ: ಪ್ರತಿ ಜಾಗಕ್ಕೂ ಮೂರು ಪ್ರಶ್ನೆ. ಹಸ್ತಾಂತರ ಒಪ್ಪಂದ ಇದೆಯೇ? ರಾಜಕೀಯ ಸ್ವರೂಪದ ಅಪರಾಧಕ್ಕೆ ವಿನಾಯಿತಿ ಇದೆಯೇ? ಅಲ್ಲಿಗೆ ತಲುಪಲು ಸಾಧ್ಯವೇ?

ಹಾಂಗ್‌ಕಾಂಗ್: 2013ರಲ್ಲಿ 1996ರ ಒಪ್ಪಂದ ಜಾರಿಯಲ್ಲಿತ್ತು, ವಿನಾಯಿತಿಯೂ ಇತ್ತು. ಆದರೆ ಅದು ಅನ್ವಯಿಸುತ್ತದೆಯೇ ಎಂದು ತೀರ್ಮಾನವಾಗುವವರೆಗೆ ಬಂಧನದಲ್ಲಿರಬೇಕಾಗಬಹುದಿತ್ತು.
ಐಸ್‌ಲ್ಯಾಂಡ್: ಅವರಿಗೆ ಇಷ್ಟವಾಗಿದ್ದ ದೇಶ, ತಲುಪಲಾಗಲಿಲ್ಲ.
ರಷ್ಯಾ: ಅಮೆರಿಕದೊಂದಿಗೆ ಒಪ್ಪಂದವಿಲ್ಲ. ಲ್ಯಾಟಿನ್ ಅಮೆರಿಕದತ್ತ ಹೊರಟಿದ್ದೆ ಎಂದು ಸ್ನೋಡೆನ್ ಹೇಳುತ್ತಾರೆ. ಪಾಸ್‌ಪೋರ್ಟ್ ರದ್ದಾಗಿದ್ದರಿಂದ ಜೂನ್ 23ರಿಂದ ಆಗಸ್ಟ್ 1ರವರೆಗೆ ಮಾಸ್ಕೋದ ವಿಮಾನ ನಿಲ್ದಾಣದಲ್ಲೇ ಉಳಿದರು. ಬಳಿಕ ಒಂದು ವರ್ಷದ ತಾತ್ಕಾಲಿಕ ಆಶ್ರಯ, 2022ರಲ್ಲಿ ಪೌರತ್ವ.
ಭಾರತ: 1997ರಲ್ಲಿ ಅಮೆರಿಕದೊಂದಿಗೆ ಒಪ್ಪಂದಕ್ಕೆ ಸಹಿ. 2013ರ ಜುಲೈನಲ್ಲಿ ಅವರ ಅರ್ಜಿಯನ್ನು ತಿರಸ್ಕರಿಸಿತು.

ಕೊನೆಯ ಸಾಲು ಬರೆದಾಗ ಆ ಹುಡುಗಿ, "ಕೇಳಿದ್ರಾ ಅವ್ರು, ನಮ್ಮನ್ನ?" ಎಂದಳು. ತರಗತಿ ಸುಮ್ಮನಾಯಿತು.

ಮೌಲ್ಯಮಾಪನ: "ಒಪ್ಪಂದವಿಲ್ಲದ ದೇಶ ಸುರಕ್ಷಿತವೇ?" ಹೆಚ್ಚಿನವರು ಹೌದು ಎಂದರು. ಒಬ್ಬ ಮಾತ್ರ, "ಕಳಿಸಲೇಬೇಕು ಅಂತಿಲ್ಲ. ಇಟ್ಕೊಳ್ಳಲೇಬೇಕು ಅಂತಾನೂ ಇಲ್ಲ. ಅವರ ಮರ್ಜಿ, ಮಿಸ್" ಎಂದ. ನಾನು ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದ ಉತ್ತರಕ್ಕಿಂತ ಅದು ಚೆನ್ನಾಗಿತ್ತು.

ಸ್ವಾವಲೋಕನ: ಸರಿ ತಪ್ಪಿನ ಚರ್ಚೆ ಬೇಡವೆಂದಲ್ಲ. ಮಾಹಿತಿ ಕೊಡದೆ ಅಭಿಪ್ರಾಯ ಕೇಳಿದ್ದು ತಪ್ಪು. ಭೌತವಿಜ್ಞಾನದಲ್ಲಿ ದತ್ತಾಂಶವಿಲ್ಲದೆ ನಿರ್ಣಯ ಬರೆಸುವುದಿಲ್ಲ. ಇಲ್ಲಿ ಅದನ್ನು ಮರೆತಿದ್ದೆ. ಮುಂದಿನ ಬಾರಿ ಕೋಷ್ಟಕ ಮೊದಲು, ಕೈ ಎತ್ತಿಸುವುದು ಆಮೇಲೆ.