ಬ್ರೌಸರಿನ ಉಳಿಪ್ರತಿ: ಗ್ರಂಥಸಂಪಾದನೆಯ ದೃಷ್ಟಿಯಿಂದ ಒಂದು ಟಿಪ್ಪಣಿ

ಕೆಲವು ವರ್ಷಗಳ ಹಿಂದೆ ನಾಗಪುರದ ವಿಚಾರಸಂಕಿರಣವೊಂದಕ್ಕೆ ಹೋದಾಗ, ಜೊತೆಗೆ ಬಂದಿದ್ದ ಸಂಶೋಧನ ವಿದ್ಯಾರ್ಥಿಯೊಬ್ಬರಿಗೂ ನನಗೂ ಒಂದು ವಚನದ ಪಾಠವನ್ನು ಕುರಿತು ವಾದವುಂಟಾಯಿತು. ಇಬ್ಬರೂ ಒಂದೇ ಜಾಲತಾಣದ ಒಂದೇ ಪುಟವನ್ನು ತೆರೆದಿದ್ದೆವು. ಅವರ ತೆರೆಯ ಮೇಲೆ ತಿದ್ದಿದ ರೂಪವಿತ್ತು. ನನ್ನದರಲ್ಲಿ ಹಳೆಯ ತಪ್ಪು ಹಾಗೆಯೇ ಇತ್ತು. ಅವರು ನನ್ನ ಗಣಕದಲ್ಲಿ ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿದರು, ಪುಟ ಸರಿಯಾಯಿತು. ಆದರೆ ಆ ತಪ್ಪು ಪಾಠವನ್ನೇ ಆಧರಿಸಿ ನಾನು ಪ್ರಬಂಧದಲ್ಲಿ ಅರ್ಧ ಪುಟದ ಚರ್ಚೆಯನ್ನು ಬರೆದಾಗಿತ್ತು.

ಬ್ರೌಸರು ಒಮ್ಮೆ ತಂದ ಪುಟ, ಚಿತ್ರ, ಫಾಂಟುಗಳ ಪ್ರತಿಯನ್ನು ನಮ್ಮ ಗಣಕದಲ್ಲಿಯೇ ಇರಿಸಿಕೊಳ್ಳುತ್ತದೆ. ಇದಕ್ಕೆ 'ಕ್ಯಾಶ್' ಎಂದು ಹೆಸರು. 'ಅಡಗಿಸು' ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಈ ಶಬ್ದ ಕನ್ನಡ ಲಿಪಿಯಲ್ಲಿ ರೊಕ್ಕವನ್ನು ಸೂಚಿಸುವ ಶಬ್ದದೊಡನೆ ಬೆರೆತುಹೋಗುವುದರಿಂದ ಇಲ್ಲಿ 'ಉಳಿಪ್ರತಿ' ಎಂದು ಕರೆದಿದ್ದೇನೆ. ಪ್ರತಿಯನ್ನು ಎಷ್ಟು ಕಾಲ ನಂಬಬಹುದೆಂಬುದನ್ನು ಸರ್ವರು ತಿಳಿಸುತ್ತದೆ. ಅವಧಿ ಮುಗಿದ ಮೇಲೆ ಬ್ರೌಸರು 'ಮೂಲ ಬದಲಾಗಿದೆಯೇ?' ಎಂದು ಕೇಳುತ್ತದೆ. ಇಲ್ಲವಾದರೆ ಸರ್ವರು 304 ಎಂಬ ಸಂಖ್ಯೆಯನ್ನಷ್ಟೇ ಮರಳಿಸುತ್ತದೆ. ಸರ್ವರು ಅವಧಿಯನ್ನು ಹೇಳದಿದ್ದಾಗಲೇ ತೊಡಕು. ಆಗ ಬ್ರೌಸರು ತಾನೇ ಊಹಿಸುತ್ತದೆ: ಪುಟವು ಕೊನೆಯ ಬಾರಿ ಬದಲಾದಂದಿನಿಂದ ಕಳೆದ ಕಾಲದ ಹತ್ತನೆಯ ಒಂದು ಭಾಗವೆಂಬುದು ರೂಢಿಯ ಲೆಕ್ಕ. ನೂರು ದಿನ ಬದಲಾಗದೆ ಇದ್ದ ಪುಟವನ್ನು ಮುಂದಿನ ಹತ್ತು ದಿನ ಪ್ರಶ್ನಿಸದೆ ತೋರಿಸಬಹುದು. ಸ್ಥಿರವೆಂದು ನಾವು ನಂಬುವ ಪ್ರಾಚೀನ ಪಠ್ಯಗಳ ಪುಟಗಳೇ ಹೀಗೆ ಹೆಚ್ಚು ಮೋಸಮಾಡುತ್ತವೆ.

ಉಳಿಪ್ರತಿ ಒಂದೇ ಕಡೆ ಇರುವುದೂ ಇಲ್ಲ. ಕನ್ನಡ ವಿಕಿಸೋರ್ಸ್‌ನ ಪುಟವು ಭಾರತದ ಓದುಗನಿಗೆ ಸಾಮಾನ್ಯವಾಗಿ ವಿಕಿಮೀಡಿಯ ಸಂಸ್ಥೆ 2018ರಲ್ಲಿ ಸಿಂಗಪುರದಲ್ಲಿ ಆರಂಭಿಸಿದ ಕೇಂದ್ರದ ಮೂಲಕ ಬರುತ್ತದೆ. ಮೂಲ ತಿದ್ದುಪಡಿಯಾದಾಗ ಅಲ್ಲಿಯ ಪ್ರತಿಯನ್ನು ರದ್ದುಗೊಳಿಸುವ ಏರ್ಪಾಡೂ ಉಂಟು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಪ್ರತಿಗಳ ಪೀಳಿಗೆಯ ಕಲ್ಪನೆ ಹೊಸದಲ್ಲ. ಆದರೆ ಲಿಪಿಕಾರನು ತಪ್ಪುತ್ತಾನೆ, ಉಳಿಪ್ರತಿ ತಪ್ಪುವುದಿಲ್ಲ. ಅದು ಹಳತಾಗುತ್ತದೆ, ಅಷ್ಟೆ. ಆದ್ದರಿಂದ ಇಲ್ಲಿ ಕೇಳಬೇಕಾದುದು ಪ್ರತಿಯ ವಯಸ್ಸನ್ನು. ನಾಗಪುರಕ್ಕೆ ಸಮೀಪದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ತಾಮ್ರಶಾಸನ ತನ್ನ ಕಾಲವನ್ನು ಶಕ 862 ಎಂದು ತಾನೇ ಸಾರುತ್ತದೆ. ನಡುವಿನ ಕೇಂದ್ರಗಳಿಂದ ಬರುವ ಉಳಿಪ್ರತಿಯೂ ತನ್ನ ವಯಸ್ಸನ್ನು ಸೆಕೆಂಡುಗಳಲ್ಲಿ ಹೇಳುವುದುಂಟು, ಆದರೆ ಓದುಗನ ಕಣ್ಣಿಗೆ ಬೀಳದ ಶಿರೋಲೇಖದಲ್ಲಿ. ವಿಕಿಸೋರ್ಸ್‌ನಲ್ಲಿ ಪ್ರತಿಯೊಂದು ಪರಿಷ್ಕರಣೆಗೂ ಸ್ಥಿರಕೊಂಡಿಯಿದೆ. ಉದ್ಧರಿಸುವಾಗ ಅದನ್ನೂ ನೋಡಿದ ದಿನಾಂಕವನ್ನೂ ಕೊಡತಕ್ಕದ್ದು.

ಪುಟವನ್ನು ಮುಚ್ಚಿದೊಡನೆ ಸಂಬಂಧ ಕಡಿಯಿತೆಂದು ತಿಳಿಯುವುದೂ ಸರಿಯಲ್ಲ. ಮತ್ತೆ ಬೇಕಾದೀತೆಂದು ಬ್ರೌಸರು ಸರ್ವರಿನೊಡನೆ ಸಂಪರ್ಕವನ್ನು ಸ್ವಲ್ಪ ಹೊತ್ತು ತೆರೆದಿಟ್ಟಿರುತ್ತದೆ. ನಾವು ಒತ್ತಬಹುದಾದ ಕೊಂಡಿಯನ್ನು ಊಹಿಸಿ ಮೊದಲೇ ಸಂಪರ್ಕಿಸುವುದೂ ಉಂಟು. ಸೂಚನೆಗಳನ್ನು ಕಳುಹಿಸಲು ನಾವು ಒಮ್ಮೆ ಒಪ್ಪಿದ ತಾಣದ ಪರವಾಗಿ 'ಸರ್ವಿಸ್ ವರ್ಕರ್' ಎಂಬ ಸಣ್ಣ ಕ್ರಮವಿಧಿ ಹಿನ್ನೆಲೆಯಲ್ಲಿ ಎಚ್ಚರಗೊಳ್ಳುತ್ತದೆ. ಇವುಗಳಲ್ಲಿ ಬಹುಪಾಲು ನಿರಪಾಯಕರ. ಕನ್ನಡ ಪುಟವೊಂದು ತನ್ನ ಫಾಂಟನ್ನು ಗೂಗಲ್ಲಿನಿಂದ ತರಿಸಿದರೆ, ನಾವು ಎಂದೂ ಹೆಸರಿಸದ ಆ ಸಂಸ್ಥೆಗೂ ನಮ್ಮ ಗಣಕದ ಜಾಲವಿಳಾಸ ತಲುಪುತ್ತದೆ. ಮ್ಯೂನಿಕ್‌ನ ನ್ಯಾಯಾಲಯವೊಂದು 2022ರಲ್ಲಿ ಇದನ್ನು ಆಕ್ಷೇಪಾರ್ಹವೆಂದು ತೀರ್ಪಿತ್ತಿತು.

ವಿಭಾಗದ ಗ್ರಂಥಾಲಯದಲ್ಲಿ ಹಲವರು ಬಳಸುವ ಗಣಕದ ಮಾತು ಬೇರೆ. ಅಲ್ಲಿ ಉಳಿಯುವುದು ಪುಟಗಳಷ್ಟೇ ಅಲ್ಲ. ಕುಕೀ ಎಂಬ ಗುರುತುಚೀಟಿಯೂ ಉಳಿದು, ಹಿಂದಿನವರ ಅಂಚೆಪೆಟ್ಟಿಗೆ ಮುಂದಿನವರಿಗೆ ತೆರೆದುಕೊಂಡೀತು. ಓದಿನ ಇತಿಹಾಸವನ್ನು ಮಾತ್ರ ಅಳಿಸಿದರೆ ಇವೆರಡೂ ಹೋಗುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಗುರುತಿಸಿ ಅಳಿಸಬೇಕು. ಅದಕ್ಕೂ ಮೊದಲು ಖಾತೆಯಿಂದ ವಿಧಿವತ್ತಾಗಿ ಹೊರಬರಬೇಕು. ಖಾಸಗಿ ಕಿಟಕಿಯಲ್ಲಿ ಓದಿದರೆ, ಅಂಥ ಕಿಟಕಿಗಳೆಲ್ಲವನ್ನೂ ಮುಚ್ಚಿದಾಗ ಈ ಗಣಕದ ಉಳಿಕೆ ಹೋಗುತ್ತದೆ. ಸರ್ವರಿನ ದಾಖಲೆ ಅಲ್ಲಿಯೇ ಇರುತ್ತದೆ.