ಪೆಟ್ಟಿಗೆ ತೆರೆಯದಿದ್ದರೆ ಫೋಟೊ ಹೋಯಿತೆಂದಲ್ಲ

ಪ್ರಶ್ನೆ: ಕುಂಸಿಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಆಯನೂರು, ಚೋರಡಿ ಕಡೆಯ ಮದುವೆ, ಗೃಹಪ್ರವೇಶದ ಫೋಟೊಗಳೆಲ್ಲ 2011ರಲ್ಲಿ ತಂದ ಎರಡು ಡಿಸ್ಕಿನ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಲ್ಲಿವೆ. ಕೆಲವು ವರ್ಷ ಅದನ್ನು ಮುಟ್ಟಿರಲಿಲ್ಲ. ಮೊನ್ನೆ ಒಬ್ಬರು ತೀರಿಹೋದ ತಂದೆಯ ಫೋಟೊ ಕೇಳಿಕೊಂಡು ಬಂದರು. ಆನ್ ಮಾಡಿದರೆ ಲೈಟು ಹತ್ತುತ್ತದೆ. ಕ್ರೋಮ್‌ನಲ್ಲಿ ವಿಳಾಸ ಹಾಕಿದರೆ ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ ಎನ್ನುತ್ತದೆ, ಮುಂದುವರಿಯುವ ಬಟನ್ನೇ ಇಲ್ಲ. ರೀಸೆಟ್ ಮಾಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಮಾಡಲೇ?
– ಸ್ಟುಡಿಯೊ ಮಾಲೀಕರು, ಕುಂಸಿ

ಉತ್ತರ: ದಯವಿಟ್ಟು ಮಾಡಬೇಡಿ. ರೀಸೆಟ್ ಗುಂಡಿ ಕೆಲವು ಮಾಡೆಲ್‌ಗಳಲ್ಲಿ ಪಾಸ್‌ವರ್ಡನ್ನಷ್ಟೇ ಬದಲಿಸುತ್ತದೆ, ಕೆಲವದರಲ್ಲಿ ಎಲ್ಲವನ್ನೂ ಅಳಿಸಿಬಿಡಬಹುದು. ಡಿಸ್ಕ್ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಹಾಕುವುದೂ ಬೇಡ. ಈ ಪೆಟ್ಟಿಗೆಗಳ ಒಳಗೆ ಸಾಮಾನ್ಯವಾಗಿ ಲಿನಕ್ಸ್ ಇರುತ್ತದೆ. ಆ ಡಿಸ್ಕ್ ಓದಲು ಬಾರದ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ಹೌದು ಎಂದರೆ ಎಷ್ಟೋ ಮನೆಗಳ ನೆನಪು ಕೈಬಿಟ್ಟು ಹೋಗುತ್ತದೆ.

ನಿಮಗೆ ಬಂದ ಸಂದೇಶ ಡಿಸ್ಕಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಆ ಕಾಲದ ಪೆಟ್ಟಿಗೆಗಳಿಗೆ ಗೊತ್ತಿದ್ದದ್ದು 1999ರ ಟಿಎಲ್‌ಎಸ್ 1.0 ಎಂಬ ಗುಪ್ತ ಸಂವಹನದ ಕ್ರಮ. ಅದರಲ್ಲಿ ಲೋಪಗಳಿದ್ದುದರಿಂದ 2020ರಿಂದೀಚೆಗೆ ಬ್ರೌಸರ್‌ಗಳು ಅದನ್ನು ಒಂದೊಂದಾಗಿ ಕೈಬಿಟ್ಟವು. ಎರಡೂ ಕಡೆಗೆ ಗೊತ್ತಿರುವ ಕ್ರಮವೇ ಇಲ್ಲದಾಗ ಮುಂದುವರಿಯುವ ಬಟನ್ ಬರುವುದಿಲ್ಲ.

ಮೊದಲು ಇಂಟರ್‌ನೆಟ್ ಲೈನನ್ನು ರೂಟರಿನಿಂದ ಕಳಚಿ. ರೂಟರ್ ಆನ್ ಇರಲಿ. ಇದು ಅತಿ ಎಚ್ಚರಿಕೆಯಲ್ಲ. 2015ರ ನಂತರ ಅಪ್‌ಡೇಟ್ ಸಿಗದಿದ್ದ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಪೆಟ್ಟಿಗೆಗಳಿಗೆ 2021ರ ಜೂನ್‌ನಲ್ಲಿ ಯಾರೋ ದೂರದಿಂದಲೇ ನುಗ್ಗಿ, ಜಗತ್ತಿನ ಎಷ್ಟೋ ಜನರ ಫೈಲುಗಳನ್ನು ಅಳಿಸಿಹಾಕಿದರು.

ನಿಮಗೆ ಬೇಕಿರುವುದು ಫೋಟೊ, ಬ್ರೌಸರಿನ ಪೇಜಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಪೆಟ್ಟಿಗೆಯ ಐಪಿ ಸಂಖ್ಯೆ ಬರೆದು ನೋಡಿ. ಫೋಲ್ಡರ್ ತೆರೆದರೆ ಬ್ರೌಸರಿನ ಗೊಡವೆಯೇ ಬೇಡ. ತೆರೆಯದಿದ್ದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1.0 ಎಂಬ ಹಳೆಯ ಫೈಲ್ ಹಂಚಿಕೆ ಕ್ರಮದ ಕ್ಲೈಂಟ್‌ಗೆ ಮಾತ್ರ ಟಿಕ್ ಹಾಕಿ. 2017ರಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ಹಳೆಯ ದಾರಿಯಲ್ಲಿ. ಕೆಲಸ ಮುಗಿದ ಕೂಡಲೇ ಟಿಕ್ ತೆಗೆಯಿರಿ.

ಅದೂ ಆಗದಿದ್ದರೆ ಬ್ರೌಸರಿಗೆ ಬನ್ನಿ. ವಿಳಾಸದ ಮುಂದೆ ‘ಎಸ್’ ಇಲ್ಲದ ಎಚ್‌ಟಿಟಿಪಿ ಎಂದು ಪೂರ್ತಿ ಟೈಪ್ ಮಾಡಿ. ಹಲವು ಪೆಟ್ಟಿಗೆಗಳು ಇಷ್ಟಕ್ಕೇ ತೆರೆಯುತ್ತವೆ. ಕೊನೆಯ ಉಪಾಯ ಫೈರ್‌ಫಾಕ್ಸ್. ಅದರ ಅಬೌಟ್-ಕಾನ್‌ಫಿಗ್ ಪುಟದಲ್ಲಿ ‘ಟಿಎಲ್‌ಎಸ್ ವರ್ಶನ್ ಮಿನ್’ ಎಂಬ ಸಾಲಿನ ಸಂಖ್ಯೆ 3 ಇರುತ್ತದೆ. ಅದನ್ನು 1 ಮಾಡಿ. ಪೆಟ್ಟಿಗೆಯ ಕೆಲಸ ಮುಗಿಯುವವರೆಗೆ ಆ ಫೈರ್‌ಫಾಕ್ಸ್‌ನಲ್ಲಿ ಬೇರೇನನ್ನೂ ತೆರೆಯಬೇಡಿ, ಮುಗಿದ ಮೇಲೆ ಮತ್ತೆ 3 ಮಾಡಿ.

ಒಳಗೆ ಹೋದಾಗ ಒಂದು ಡಿಸ್ಕ್ ಕೆಟ್ಟಿದೆ, ರೀಬಿಲ್ಡ್ ಮಾಡಲೇ ಎಂದು ಕೇಳಬಹುದು. ಕಾಪಿ ಆಗುವ ತನಕ ಒಪ್ಪಬೇಡಿ. ರೀಬಿಲ್ಡ್ ಎಂದರೆ ಉಳಿದ ಮುದಿ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಿಸುವುದು. ಅದೂ ಅಲ್ಲೇ ಕೈಕೊಟ್ಟರೆ ಎಲ್ಲವೂ ಹೋದಂತೆ. ಆ ತಂದೆಯ ಫೋಟೊವನ್ನೇ ಮೊದಲು ತೆಗೆದುಕೊಂಡು, ಉಳಿದದ್ದನ್ನು ಎರಡು ಬೇರೆ ಬೇರೆ ಡಿಸ್ಕಿಗೆ ಇಳಿಸಿ. ಮಳೆಗಾಲದಲ್ಲಿ ಕರೆಂಟು ಹೋಗಿಬರುವ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಪ್ರಶ್ನೆ: ನಮ್ಮ ಪೆಟ್ಟಿಗೆಗೆ ಬೇರೆ ತೊಂದರೆ. ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಬರುತ್ತದೆ. ಹ್ಯಾಕ್ ಆಗಿದೆಯೇ?
– ಒಬ್ಬ ಓದುಗರು, ಭದ್ರಾವತಿ

ಉತ್ತರ: ಈ ಎಚ್ಚರಿಕೆಯೊಂದರಿಂದಲೇ ಹಾಗೆ ಹೇಳಲಾಗದು. ಪೆಟ್ಟಿಗೆ ತನಗೆ ತಾನೇ ಬರೆದುಕೊಂಡ ಪ್ರಮಾಣಪತ್ರದ ವಾಯಿದೆ ತೀರಿರಬೇಕು. ನಿಮ್ಮ ಕಂಪ್ಯೂಟರಿನ ತಾರೀಖು ಸರಿಯಿದೆಯೇ ನೋಡಿ. ಬ್ರೌಸರ್ ಅದನ್ನೇ ನಂಬುತ್ತದೆ. ವಿಳಾಸ 192.168 ಎಂದು ಶುರುವಾಗಿ, ಅದು ನಿಮ್ಮ ಪೆಟ್ಟಿಗೆಯದೇ ಎಂದು ಖಚಿತವಿದ್ದರೆ ‘ಅಡ್ವಾನ್ಸ್ಡ್’ ಒತ್ತಿ ಮುಂದುವರಿಯಿರಿ. ಬ್ಯಾಂಕಿನ ಸೈಟಿನಲ್ಲಿ ಇದೇ ಎಚ್ಚರಿಕೆ ಬಂದರೆ ಮಾತ್ರ ಅಲ್ಲಿಗೇ ಮುಚ್ಚಿಬಿಡಿ.